ಕ್ಲೋಸಪ್ ಅಂದರೇನು ಎಂಬುದು ಓದುಗನಿಗೆ ಗೊತ್ತು

ನಮಸ್ಕಾರ.

ನಿಮ್ಮ ‘ಕ್ಯಾಮೆರಾ ಭಾಷೆ’ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಇಪ್ಪತ್ತೆರಡು ಶಾಟ್‌ಗಳಿಗೆ ಇಪ್ಪತ್ತೆರಡು ವ್ಯಾಖ್ಯಾನ ಬರೆದಿದ್ದೀರಿ. ಯಾವುದನ್ನು ಯಾವಾಗ ಇಡಬೇಕು, ಇಟ್ಟಾಗ ಎಲ್ಲಿ ಕೆಡುತ್ತದೆ ಎಂಬುದು ಒಂದರಲ್ಲೂ ಇಲ್ಲ. ಪರದೆ ತುಂಬ ಮುಖವಿದ್ದರೆ ಕ್ಲೋಸಪ್ ಎಂಬುದು ಧಾರಾವಾಹಿ ನೋಡುವ ಅಜ್ಜಿಗೂ ಗೊತ್ತು.

ಪದಗಳ ವಿಚಾರ ಮೊದಲೇ ಹೇಳಿಬಿಡುತ್ತೇನೆ. ‘ಸ್ಕಂಧೋಪರಿ ಚಿತ್ರಿಕೆ’ ಎಂದು ಕೂಗಿದರೆ ಸೆಟ್ಟಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಎದುರಿನವರ ಭುಜ ಫ್ರೇಮಿನ ಅಂಚಿನಲ್ಲಿರುವ ಆ ಶಾಟನ್ನು ನಮ್ಮ ಸಿನಿಮಾದವರು ಸಜೆಷನ್ ಎನ್ನುತ್ತಾರೆ. ಹಾಗೆಯೇ ಬರೆಯಿರಿ.

ದೊಡ್ಡ ತಪ್ಪಿರುವುದು ಮೂರನೆಯ ಪುಟದಲ್ಲಿ: ‘ಝೂಮ್ ಮಾಡಿದರೂ ಟ್ರಾಲಿ ತಳ್ಳಿದರೂ ಫಲ ಒಂದೇ.’ ಅಲ್ಲ. ಟ್ರಾಲಿ ಎಂದರೆ ಗಾಲಿಯ ಮೇಲೆ ಕ್ಯಾಮೆರಾವನ್ನೇ ಹತ್ತಿರ ಒಯ್ಯುವುದು, ಝೂಮ್ ಎಂದರೆ ನಿಂತಲ್ಲಿಂದಲೇ ಲೆನ್ಸಿನಿಂದ ಹಿಗ್ಗಿಸುವುದು. ಅಗಲ ನೋಟದ 25 ಎಂಎಂ ಲೆನ್ಸಿನಲ್ಲಿ 1 ಮೀಟರ್ ದೂರದಿಂದ ಮುಖ ಎಷ್ಟು ದೊಡ್ಡದಾಗಿ ಸಿಗುತ್ತದೋ ದೂರದ್ದನ್ನು ಹಿಗ್ಗಿಸುವ 100 ಎಂಎಂನಲ್ಲಿ 4 ಮೀಟರ್ ದೂರದಿಂದ ಅಷ್ಟೇ ದೊಡ್ಡದಾಗಿ ಸಿಗುತ್ತದೆ. ಬದಲಾಗುವುದು ಹಿನ್ನೆಲೆ. ನಟನ ಬೆನ್ನಿಗೆ 2 ಮೀಟರ್ ಹಿಂದೆ ಬಾಗಿಲಿದೆ ಎನ್ನಿ. ಮೊದಲನೆಯದರಲ್ಲಿ ಬಾಗಿಲು ಕ್ಯಾಮೆರಾದಿಂದ ಮುಖಕ್ಕಿಂತ ಮೂರು ಪಟ್ಟು ದೂರ, ಎರಡನೆಯದರಲ್ಲಿ ಬರೀ ಒಂದೂವರೆ ಪಟ್ಟು. ಅಂದರೆ ಎರಡನೆಯದರಲ್ಲಿ ಅದೇ ಬಾಗಿಲು ಎರಡರಷ್ಟು ದೊಡ್ಡದಾಗಿ ನಟನ ಬೆನ್ನಿಗೇ ಅಂಟಿಕೊಂಡಂತೆ ಕಾಣುತ್ತದೆ. ಒಂಟಿತನ ಬೇಕಾದಲ್ಲಿ ಮೊದಲನೆಯದು, ಇಕ್ಕಟ್ಟು ಬೇಕಾದಲ್ಲಿ ಎರಡನೆಯದು. ಇಷ್ಟು ಬರೆದಿದ್ದರೆ ನಿಮ್ಮ ಎಂಟು ವ್ಯಾಖ್ಯಾನ ಬೇಕಾಗಿರಲಿಲ್ಲ.

ಮಾದರಿಗೆಂದು ಕೊಟ್ಟ ದೃಶ್ಯದಲ್ಲೂ ಎಡವಿದ್ದೀರಿ. ಅಣ್ಣ–ತಮ್ಮ ಹೋಟೆಲಿನಲ್ಲಿ ಎದುರುಬದುರು ಕೂತಿದ್ದಾರೆ. ಇಬ್ಬರ ಮೂಗಿನ ನೇರಕ್ಕೆ ಒಂದು ಗೆರೆ ಎಳೆಯಿರಿ. ಮೊದಲ ನಾಲ್ಕು ಶಾಟ್‌ಗಳಲ್ಲಿ ಕ್ಯಾಮೆರಾ ಕಿಟಕಿಯ ಕಡೆ ಇದೆ, ಐದನೆಯದಕ್ಕೆ ಗೆರೆ ದಾಟಿ ಗಲ್ಲಾದ ಕಡೆ ಹೋಗಿದೆ. ಮೊದಲು ಅಣ್ಣ ಬಲಕ್ಕೆ, ತಮ್ಮ ಎಡಕ್ಕೆ ನೋಡುತ್ತಿದ್ದರು; ಈಗ ತಮ್ಮನೂ ಬಲಕ್ಕೇ ನೋಡುತ್ತಾನೆ. ಜಗಳ ಇಬ್ಬರದಾದರೂ ಇಬ್ಬರೂ ಮೂರನೆಯವನನ್ನು ಬೈಯುತ್ತಿರುವಂತಿದೆ. ದಾಟಲೇಬೇಕಿದ್ದರೆ ದಾಟುವುದು ಪ್ರೇಕ್ಷಕನಿಗೆ ಕಾಣಲಿ: ಟ್ರಾಲಿಯಲ್ಲಿ ಶಾಟ್ ನಡುವೆಯೇ ಆಚೆ ಹೋಗಿ, ಇಲ್ಲವೆ ತಮ್ಮನನ್ನು ಎಬ್ಬಿಸಿ ನಡೆಸಿ, ಅದೂ ಬೇಡವಾದರೆ ಮಧ್ಯೆ ಕಾಫಿ ಲೋಟದ ಕ್ಲೋಸಪ್ ಇಟ್ಟು ಆಮೇಲೆ ದಾಟಿ. ಮಿಡ್‌ನಿಂದ (ಸೊಂಟದವರೆಗಿನ ಶಾಟ್) ಕ್ಲೋಸಿಗೆ ಹೋಗುವಾಗ ಕೋನವನ್ನೂ 30 ಡಿಗ್ರಿಯಷ್ಟಾದರೂ ಸರಿಸುವುದು ರೂಢಿ. ಗಾತ್ರವೂ ಕೋನವೂ ಅಲ್ಪಸ್ವಲ್ಪವೇ ಬದಲಾದರೆ ಕಟ್ ಎಗರಿದಂತಾಗುತ್ತದೆ. ಇನ್ನು ಫ್ರೇಮಿನ ಅಂಚು ಮೊಣಕಾಲಿಗೋ ಕುತ್ತಿಗೆಗೋ ಸರಿಯಾಗಿ ಬಿದ್ದರೆ ಅಂಗ ಕತ್ತರಿಸಿದಂತಿರುತ್ತದೆ. ತೊಡೆಯ ನಡುವೆಯೋ ಎದೆಯ ಮಟ್ಟಕ್ಕೋ ಇಡಲು ಹೇಳಿ.

‘ಶಟರ್ ವೇಗ ಎಷ್ಟಿದ್ದರೂ ನಡೆಯುತ್ತದೆ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಸೆಕೆಂಡಿಗೆ 24 ಫ್ರೇಮ್ ಚಿತ್ರೀಕರಿಸುವಾಗ ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಕಾಲ, ಸುಮಾರು 1/50 ಸೆಕೆಂಡ್ ಇರಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/60 ಇಟ್ಟರೆ ಗೋಡೆಯ ಮೇಲೆ ಪಟ್ಟೆಗಳು ಹರಿದಾಡಬಹುದು. 1/50 ಅಥವಾ 1/100 ಇಟ್ಟರೆ ಆ ಕಾಟ ಇರದು. ಬಿಸಿಲಿನಲ್ಲಿ ಮೊಬೈಲನ್ನು ಆಟೋಗೆ ಬಿಟ್ಟರೆ ಶಟರ್ 1/1600ಕ್ಕೂ ಹೋದೀತು, ಓಡುವವನ ಕೈಕಾಲು ತುಂಡುತುಂಡಾಗಿ ಚಲಿಸಿದಂತೆ ಕಾಣುತ್ತವೆ. ಅಲ್ಲಿಂದ 1/50ಕ್ಕೆ ಇಳಿಸಿದರೆ ಒಳಗೆ ಬರುವ ಬೆಳಕು 32 ಪಟ್ಟು ಹೆಚ್ಚುತ್ತದೆ, ಅಂದರೆ ಬೆಳಕನ್ನು 32ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 32 ಫಿಲ್ಟರ್ (ಲೆನ್ಸಿನ ಮುಂದಿಡುವ ಕಪ್ಪು ಗಾಜು) ಬೇಕು. ಬಹುತೇಕ ಮೊಬೈಲುಗಳಲ್ಲಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ರಂಧ್ರ) ಬದಲಿಸಲು ಬರುವುದಿಲ್ಲವಾದ್ದರಿಂದ ಬೇರೆ ದಾರಿಯೂ ಕಡಿಮೆ.

ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು ‘ಬೆಳಕಿನ ಮಾಂತ್ರಿಕ’ ಎಂದು ನಾಲ್ಕು ಸಾಲು ಹೊಗಳಿದ್ದೀರಿ. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋ ಒಳಗೆ ಕೋಲಿನಂತೆ ಇಳಿಸಿದರು. ಅದೊಂದನ್ನು ವಿವರಿಸಿ, ವಿಶೇಷಣ ತೆಗೆಯಿರಿ.

ಶಾಟ್‌ಗಳನ್ನು ಐದಕ್ಕೆ ಇಳಿಸಿ, ಎಲ್ಲವೂ ಆ ಹೋಟೆಲಿನ ಮೇಜಿನ ಸುತ್ತಲೇ ಇರಲಿ. ಕಳಿಸುವ ಮುನ್ನ ಇಬ್ಬರು ಗೆಳೆಯರನ್ನು ಕೂರಿಸಿ ಮೊಬೈಲಿನಲ್ಲೇ ತೆಗೆದು, ಕೂಡಿಸಿ ನೋಡಿ. ಫೋಟೋಗಳನ್ನು ಅಂತರ್ಜಾಲದಿಂದ ಎತ್ತಬೇಡಿ. ಮೇಜು, ಗೆರೆ, ಕ್ಯಾಮೆರಾ ಇಟ್ಟ ಜಾಗ ತೋರಿಸುವ ಪೆನ್ಸಿಲ್ ನಕ್ಷೆ ಕಳಿಸಿದರೆ ಅದನ್ನೇ ಅಚ್ಚು ಮಾಡುತ್ತೇವೆ.

— ಸಂಪಾದಕ