ಎರಡು ವಾರದಲ್ಲಿ ಆ್ಯಂಡ್ರಾಯ್ಡ್ ಇಂಟರ್ವ್ಯೂ: ಅಲ್ಗಾರಿದಮ್ ಓದಲಾ, ಹೊಸ ಆ್ಯಪ್ ಮಾಡಲಾ?

ಎರಡೂ ಬೇಡ. ನಾನೂ ಹೀಗೇ ಒದ್ದಾಡಿ ಹೊಸ ಆ್ಯಪ್ ಮಾಡೋಕೆ ಕೂತವನು.

ಫೋನ್ ರೌಂಡ್ ಸಲೀಸಾಗಿ ಮುಗಿದಿತ್ತು. ಆಮೇಲೆ ಮನೆಯಲ್ಲೇ ಮಾಡಿ ಕಳಿಸುವ ಅಸೈನ್‌ಮೆಂಟ್ ಕೊಟ್ಟರು. ಒಂದು ಪಟ್ಟಿ, ಒಂದು ಫಾರ್ಮ್, ಅಷ್ಟೇ. ನಾನು ಕಾಂಪೋಸ್ (ಆ್ಯಪ್‌ನ ಪರದೆ ಕಟ್ಟುವ ಟೂಲ್‌ಕಿಟ್), ಐದು ಮಾಡ್ಯೂಲ್, ಡಾರ್ಕ್ ಥೀಮ್ ಎಲ್ಲ ತುರುಕಿದೆ. ಮುಂದಿನ ರೌಂಡ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದಾಗ ಅದರ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಇಂಟರ್ವ್ಯೂ ಮಾಡ್ತಿದ್ದ ಮೇಡಂ ಕೇಳಿದ್ದು ಇಷ್ಟೇ:

"ಫಾರ್ಮ್ ಅರ್ಧ ತುಂಬಿ ಹೋಮ್ ಒತ್ತಿ. ಮೆಮೊರಿ ಸಾಲದೆ ಸಿಸ್ಟಮ್ ನಿಮ್ಮ ಆ್ಯಪ್ ಕೊಂದಿತು ಅಂದ್ಕೊಳ್ಳಿ. ವಾಪಸ್ ಬಂದಾಗ ಬರೆದಿದ್ದು ಇರುತ್ತಾ?"

"ಇರುತ್ತೆ ಮೇಡಂ, ವ್ಯೂಮಾಡೆಲ್‌ನಲ್ಲಿ ಇಟ್ಟಿದ್ದೀನಿ." ಪರದೆಯ ಡೇಟಾ ಹಿಡಿದಿಡುವ ಕೋಡ್‌ನ ಭಾಗ ಅದು.

"ಎಲ್ಲಿ, ತೋರಿಸಿ."

ಟರ್ಮಿನಲ್‌ನಲ್ಲಿ 'ಎಡಿಬಿ ಶೆಲ್ ಎಎಂ ಕಿಲ್' (adb shell am kill, ಹಿನ್ನೆಲೆಯಲ್ಲಿರುವ ಆ್ಯಪ್ ಕೊಲ್ಲುವ ಕಮಾಂಡ್) ಅಂತ ಬರೆಸಿ, ಮುಂದೆ ಪ್ಯಾಕೇಜ್ ಹೆಸರು ಹಾಕಿಸಿದರು. ರೀಸೆಂಟ್ಸ್‌ನಿಂದ ಆ್ಯಪ್ ತೆರೆದೆ. ಫಾರ್ಮ್ ಖಾಲಿ. 'ನಿಮ್ಮ ಹೆಸರು' ಅನ್ನೋ ಬೂದು ಅಕ್ಷರ ಮಾತ್ರ ನನ್ನನ್ನೇ ನೋಡ್ತಿತ್ತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. ಫೋನ್ ತಿರುಗಿಸಿದರೆ ಆ್ಯಕ್ಟಿವಿಟಿ (ಆ್ಯಪ್‌ನ ಪರದೆ) ಸತ್ತು ಮತ್ತೆ ಹುಟ್ಟುತ್ತದೆ, ವ್ಯೂಮಾಡೆಲ್ ಉಳಿಯುತ್ತದೆ. ಅದನ್ನು ನೋಡಿಯೇ ನಾನು 'ವ್ಯೂಮಾಡೆಲ್‌ಗೆ ಸಾವಿಲ್ಲ' ಅಂದುಕೊಂಡಿದ್ದೆ. ಆದರೆ ಅದು ಇರೋದು ಪ್ರೋಸೆಸ್‌ನ (ಅಂದರೆ ಓಡ್ತಿರುವ ಆ್ಯಪ್‌ನ) ಮೆಮೊರಿಯಲ್ಲೇ ಅಲ್ವಾ? ಪ್ರೋಸೆಸ್ ಹೋದರೆ ಅದೂ ಹೋಗುತ್ತದೆ. ಬರೆದಿದ್ದು ಉಳಿಯಬೇಕಾದರೆ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ ಇಡಬೇಕು. ಅದರಲ್ಲಿ ಇಟ್ಟಿದ್ದನ್ನು ಸಿಸ್ಟಮ್ ತನ್ನ ಹತ್ತಿರ ಉಳಿಸಿಕೊಂಡು ವಾಪಸ್ ಕೊಡುತ್ತದೆ. ಅಲ್ಲೂ ಪೂರ್ತಿ ಪಟ್ಟಿ ತುಂಬುವ ಹಾಗಿಲ್ಲ. ಆ ಡೇಟಾ ಬೈಂಡರ್ (ಆ್ಯಪ್‌ಗೂ ಸಿಸ್ಟಮ್‌ಗೂ ನಡುವಿನ ದಾರಿ) ಮೂಲಕ ಹೋಗುತ್ತದೆ, ಇಡೀ ಪ್ರೋಸೆಸ್‌ಗೆ ಅದರ ಬಫರ್ ಇರೋದೇ 1 ಎಂಬಿ. ಐಡಿ, ಟೈಪ್ ಮಾಡಿದ ಅಕ್ಷರ, ಇಷ್ಟು ಇಟ್ಟರೆ ಸಾಕು. ಉಳಿದಿದ್ದು ಡೇಟಾಬೇಸ್‌ನಿಂದ ಬರಲಿ.

ಗೊತ್ತಿರಲಿಲ್ಲ ಅಂದಿದ್ದರೆ ಬಹುಶಃ ಬಚಾವಾಗ್ತಿದ್ದೆ. ನಾನು ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಓಡುವ ನಕಲಿ ಫೋನ್) ಮೇಲೆ ಗೂಬೆ ಕೂರಿಸಿದೆ. ಹತ್ತು ನಿಮಿಷ ವಾದ ಮಾಡಿದೆ. ಅವರು "ತಿರುಗಿಸೋದು ಬೇರೆ, ಕೊಲ್ಲೋದು ಬೇರೆ ಅಲ್ವಾ?" ಅಂತ ದಾರಿ ತೋರಿಸಿದರೂ ಹಿಡಿಯಲಿಲ್ಲ. ಎರಡು ದಿನ ಬಿಟ್ಟು 'ಆಯ್ಕೆಯಾಗಿಲ್ಲ' ಅಂತ ಮೇಲ್ ಬಂತು.

ಹಾಗಾಗಿ ನಿಮ್ಮ ಹತ್ತಿರ ಈಗಾಗಲೇ ಇರುವ ಒಂದು ಆ್ಯಪ್ ತಗೊಳ್ಳಿ, ಎರಡು ವಾರ ಅದನ್ನೇ ಕೆಡಿಸಿ. ಲೋಡ್ ಆಗ್ತಿರುವಾಗ ಏರೋಪ್ಲೇನ್ ಮೋಡ್ ಹಾಕಿ. ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿ. ಸೇವ್ ಬಟನ್ ಎರಡು ಸಲ ಬೇಗ ಬೇಗ ಒತ್ತಿ. ಎಲ್ಲಿ ಮುರಿಯಿತು, ಯಾಕೆ, ಹೇಗೆ ಸರಿಮಾಡಿದಿರಿ, ಬರೆದಿಟ್ಟುಕೊಳ್ಳಿ. ಇಂಟರ್ವ್ಯೂನಲ್ಲಿ ಮಾತಾಡೋಕೆ ಇದಕ್ಕಿಂತ ಒಳ್ಳೆ ಸರಕು ಇಲ್ಲ. ಕೋಡಿಂಗ್ ರೌಂಡ್ ಇದೆ ಅಂತ ಅವರೇ ಹೇಳಿದ್ದರೆ ದಿನಕ್ಕೊಂದು ಗಂಟೆ ಅರೇ, ಹ್ಯಾಶ್‌ಮ್ಯಾಪ್ ಥರದ ಡೇಟಾ ಸ್ಟ್ರಕ್ಚರ್ ನೋಡಿ. ಹೇಳಿಲ್ಲದಿದ್ದರೆ ಸುಮ್ನೆ ಹೆದರ್ಕೋಬೇಡಿ, ಒಂದು ಮೇಲ್ ಹಾಕಿ ಕೇಳಿ.

ಹಾಂ, ಆ್ಯಪ್ ಕೊಲ್ಲುವಾಗ ಮೊದಲು ಹೋಮ್ ಒತ್ತಿ, ಆಮೇಲೆ ಕಮಾಂಡ್ ಕೊಡಿ. ರೀಸೆಂಟ್ಸ್‌ನಿಂದ ಸ್ವೈಪ್ ಮಾಡಿ ತೆಗೆದರೆ ಉಳಿಸಿಟ್ಟ ಸ್ಟೇಟ್ ಕೂಡ ಹೋಗುತ್ತದೆ. ಅದು ತಿಳಿಯದೆ, ಸರಿಯಾಗೇ ಇದ್ದ ಕೋಡನ್ನು ನಾನು ಒಂದು ಸಂಜೆ ಪೂರ್ತಿ ತಿದ್ದುತ್ತಾ ಕೂತಿದ್ದೆ.