ಸುರಂಗ ಮುಂದುವರಿಸಲು ಒಟ್ಟು ಗುತ್ತಿಗೆ ಕೊಡಬಹುದೇ?

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ನೀರು ಕೊಡುವ ಹಳೇ ಸುರಂಗ (ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) 50 ಕೋಲು ಇದೆ (ಒಂದು ಕೋಲು ಸುಮಾರು ಮುಕ್ಕಾಲು ಮೀಟರ್). ಮಾರ್ಚ್ ಬಂದರೆ ನೀರು ನೂಲಿನಷ್ಟಾಗುತ್ತದೆ. ಇನ್ನೂ 20 ಕೋಲು ಅಗೆಯಲು ಒಬ್ಬರು ಒಟ್ಟು ಮೊತ್ತ ಹೇಳಿದ್ದಾರೆ. ಒಳಗೆ ಮಾಡಿನಲ್ಲೊಂದು (ಸುರಂಗದ ಚಾವಣಿಯಲ್ಲೊಂದು) ಬಿರುಕಿದೆ. ಒಪ್ಪಬಹುದೇ?
— ಕೃಷಿಕರು, ಪೆರ್ಲ

ಉತ್ತರ: ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಮುಂದಿರುವುದು ಗಟ್ಟಿ ಮುರಕಲ್ಲೋ (ಕೆಂಪು ಜಂಬಿಟ್ಟಿಗೆ) ಶೇಡಿ ಮಣ್ಣೋ (ಮೆದು ಜೇಡಿ) ಎಂದು ಈಗಲೇ ಹೇಳಲಾಗದು. ಶೇಡಿ ಸಿಕ್ಕ ದಿನ, ಗುತ್ತಿಗೆ ಹಿಡಿದವರು ನಷ್ಟಕ್ಕೆ ಹೆದರಿ ಆಧಾರವಿಲ್ಲದೆ ಅಗೆಯುವಂತಾಗುತ್ತದೆ. ಕರಾರಿನಲ್ಲಿ ಮೂರು ದರ ಬರೆಯಿರಿ: ಗಟ್ಟಿ ಮುರಕಲ್ಲಿಗೆ ಕೋಲಿಗಿಷ್ಟು, ಕಲ್ಲು ಕಟ್ಟಿ ಆಧಾರ ಕೊಡಬೇಕಾದ ಕಡೆ ಕೋಲಿಗಿಷ್ಟು, ಅಪಾಯ ಕಂಡು ಕೆಲಸ ನಿಲ್ಲಿಸಿದ ದಿನದ ಕೂಲಿ ಇಷ್ಟು. ಮೂರನೆಯದನ್ನು ಖಂಡಿತ ಬಿಡಬೇಡಿ. ಜೀವ ಕಾಯುವುದು ಅದೇ. ಅಂದಾಜಿನ ಮೇಲೆ ಕಾಲು ಭಾಗ ಹಣ ತೆಗೆದಿಟ್ಟುಕೊಳ್ಳಿ.

ದಿನವೂ ಅಗೆಯುವ ಮೊದಲು ಬ್ಯಾಟರಿ ಡ್ರಿಲ್ಲಿನಿಂದ ಮುಂದಕ್ಕೆ ಒಂದು ಮೀಟರ್ ತೂತು ಕೊರೆಯಿರಿ. ಒದ್ದೆ ಸುರಂಗದೊಳಗೆ ಕರೆಂಟಿನ ವಯರು ಬೇಡ. ಕೆಂಪು ಹರಳು ಬಂದರೆ ಮುರಕಲ್ಲು. ಬಿಳಿಯೋ ಗುಲಾಬಿಯೋ ಆಗಿ ಬೆರಳಲ್ಲಿ ನುಣ್ಣಗೆ ಜಾರಿದರೆ ಶೇಡಿ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಶೇಡಿ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಅಲ್ಲಿ ಅಗಲ ಕಡಿಮೆ ಮಾಡಿ, ಮಾಡನ್ನು ಕಮಾನಾಗಿಸಿ, ಅಗೆದಷ್ಟಕ್ಕೂ ಅಂದೇ ಕಲ್ಲು ಕಟ್ಟಿ.

ಹಳೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯಿಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತಿ, ತಾರೀಕು ಬರೆಯಿರಿ. ಗಾಜು ಸೀಳಿದರೆ ಬಿರುಕು ಜೀವಂತವಾಗಿದೆ. ಎರಡು ಮೀಟರಿಗೊಮ್ಮೆ ಎದುರುಬದುರು ಗೋಡೆಗೆ ಬೋಲ್ಟ್ ಹುಗಿದು, ನಡುವಿನ ಅಂತರವನ್ನು ದಿನಾ ಬೆಳಿಗ್ಗೆ ಅದೇ ವ್ಯಕ್ತಿ ಅಳೆದು ಪುಸ್ತಕದಲ್ಲಿ ಬರೆಯಲಿ. ದಿನದಿಂದ ದಿನಕ್ಕೆ ಗೋಡೆ ಸರಿಯುವುದು ಕಡಿಮೆಯಾಗುತ್ತ ಬಂದರೆ ನೆಲ ಸ್ಥಿರವಾಗುತ್ತಿದೆ. ಹೆಚ್ಚುತ್ತಿದ್ದರೆ, ಮಿಲಿಮೀಟರ್ ಲೆಕ್ಕದಲ್ಲಾದರೂ, ಕೆಲಸ ನಿಲ್ಲಿಸಿ.

ಆದರೆ ಮುರಕಲ್ಲಿನ ಮಾಡು ಅಳತೆಯಲ್ಲಿ ಸೂಚನೆ ಕೊಡದೆಯೂ ಬೀಳಬಹುದು. ಸುತ್ತಿಗೆಯಿಂದ ಬಡಿಯಿರಿ, ಟಣ್ ಎನ್ನದೆ ಟೊಳ್ಳು ಸದ್ದು ಬಂದ ಚೂರನ್ನು ಬದಿಯಲ್ಲಿ ನಿಂತು ಇಳಿಸಿ. ಮಣ್ಣಿನ ಎಂಜಿನಿಯರ್ ರಾಲ್ಫ್ ಪೆಕ್ 1969ರಲ್ಲೇ ಎಚ್ಚರಿಸಿದ್ದರು: ಕೆಟ್ಟ ಅಳತೆ ಬಂದರೆ ಏನು ಮಾಡುವುದೆಂದು ಮೊದಲೇ ಗೊತ್ತಿರದಿದ್ದರೆ, ಹೀಗೆ ಅಳತೆ ನೋಡುತ್ತ ಕೆಲಸ ಮುಂದುವರಿಸುವ ವಿಧಾನಕ್ಕೆ ಕೈಹಾಕಬಾರದು. ಆದ್ದರಿಂದ ಆಧಾರದ ಕಲ್ಲು, ಮರದ ಊರೆಗಳು (ಆಸರೆ ಕಂಬಗಳು) ಸುರಂಗದ ಬಾಯಲ್ಲಿ ಮೊದಲೇ ಇರಲಿ.

ಒಳಗಿನ ಗಾಳಿ ಉಸಿರಾಡಲು ಸಾಕೇ ಎಂದು ನೋಡಲು ಮೋಂಬತ್ತಿಯೊಂದನ್ನೇ ನಂಬಬೇಡಿ. ಆಮ್ಲಜನಕದ ಮೀಟರ್, ಊದುವ ಫ್ಯಾನು-ಪೈಪು ಬೇಕು. ಎಂಜಿನ್ ಪಂಪು ಒಳಗೆ ಖಂಡಿತ ಬೇಡ.

ವಾರಕ್ಕೊಮ್ಮೆ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಹೆಚ್ಚುವರಿ ಕೋಲಿಗೆ ನೀರು ಬರುತ್ತಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ತಿಳಿನೀರು ಏಕಾಏಕಿ ಕದಡಿದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ. ಎಲ್ಲರೂ ಹೊರಬನ್ನಿ. ಕುಸಿದು ಬಿದ್ದ ಮಣ್ಣನ್ನು ಆತುರದಲ್ಲಿ ತೆಗೆಯಬೇಡಿ, ಮೇಲಿನದಕ್ಕೆ ಆಗ ಅದೇ ಊರೆ.