ಕೇಳಿ, ಹೇಳುತ್ತೇನೆ: ಸೈಕಲ್ಲಿಗೆ ಹಾಸಿಗೆ ಕಟ್ಟಿಕೊಂಡು

ಮೌಂಟನ್ ಬೈಕಿಗೆ ಒಂದು ರಾತ್ರಿಯ ಸಾಮಾನು ಕಟ್ಟಿಕೊಂಡು ಹೊರಟು, ಡೇರೆಯ ಹಂಗಿಲ್ಲದೆ ಬಿವಿ ಚೀಲದಲ್ಲಿ ಮಲಗಿ, ಮರುದಿನ ಮನೆಗೆ ಮರಳುವುದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಬಿವಿ ಎಂದರೆ ಸ್ಲೀಪಿಂಗ್ ಬ್ಯಾಗಿನ ಮೇಲೆ ಹಾಕುವ, ನೀರು ತಡೆಯುವ ಗವಸು, ಅಷ್ಟೇ. ಪತ್ರಗಳು ಬಂದಿವೆ. ‘ಇದೆಲ್ಲ ಯಾಕೆ ಬೇಕಿತ್ತು’ ಎಂದು ಕೇಳಿದವರಿಗೆ ನನ್ನಲ್ಲಿ ಉತ್ತರವಿಲ್ಲ. ಹೇಗೆ ಎಂದು ಕೇಳಿದವರಿಗೆ ಇದೆ.

ಪ್ರಶ್ನೆ: ನನ್ನ ಸೈಕಲ್ಲಿಗೆ ಹಿಂದೆಯೂ ಸಸ್ಪೆನ್ಷನ್ ಇದೆ. ಕ್ಯಾರಿಯರ್ ಕೂರಿಸಲು ತೂತುಗಳಿಲ್ಲ. ಸಾಮಾನು ಎಲ್ಲಿ ಕಟ್ಟಲಿ?

ಉತ್ತರ: ಕ್ಯಾರಿಯರ್ ಇಲ್ಲದಿರುವುದು ಒಳ್ಳೆಯದೇ ಆಯಿತು. ಕಲ್ಲುದಾರಿಯಲ್ಲಿ ಅದು ಗಡಗಡ ಎನ್ನುತ್ತದೆ, ಅದರ ಬೋಲ್ಟುಗಳು ಸಡಿಲವಾಗುತ್ತವೆ, ಇಕ್ಕೆಲದ ಚೀಲಗಳು ಪೊದೆಗೆ ಸಿಕ್ಕಿಕೊಳ್ಳುತ್ತವೆ. ಬೈಕ್‌ಪ್ಯಾಕಿಂಗ್‌ ಎಂದು ಕರೆಯುವ ಈ ಬಗೆಯ ಸವಾರಿಯಲ್ಲಿ ಸಾಮಾನೆಲ್ಲ ಸೈಕಲ್ಲಿನ ಉದ್ದಕ್ಕೆ ಕೂರುತ್ತದೆ: ಹ್ಯಾಂಡಲಿನ ಮುಂದೆ ಒಂದು ಸುರುಳಿ, ಫ್ರೇಮಿನ ತ್ರಿಕೋನದೊಳಗೆ ಒಂದು ಚೀಲ, ಸೀಟಿನ ಹಿಂದೆ ಒಂದು ಚೀಲ.

ಸೀಟಿನ ಚೀಲ ಕೊಳ್ಳುವ ಮೊದಲು ಒಂದು ಅಳತೆ ನೋಡಲೇಬೇಕು. ಹಿಂದಿನ ಸಸ್ಪೆನ್ಷನ್ನಿನ ಶಾಕ್, ಅಂದರೆ ಏಟು ನುಂಗುವ ಕೊಳವೆ, ಗಾಳಿಯದಾದರೆ, ಈಗಿರುವ ಒತ್ತಡವನ್ನು ಬರೆದಿಟ್ಟುಕೊಂಡು ಗಾಳಿಯನ್ನು ನಿಧಾನವಾಗಿ ಬಿಡಿ. ಸೀಟಿನ ಮೇಲೆ ಭಾರ ಹಾಕಿ ಶಾಕ್ ಪೂರ್ತಿ ಕುಗ್ಗುವವರೆಗೆ ಒತ್ತಿ. ಆಗ ಟೈರಿನ ನೆತ್ತಿಗೂ ಸೀಟಿನ ಕೆಳಗಿನ ಸರಳುಗಳಿಗೂ ನಡುವೆ ಉಳಿಯುವ ಜಾಗ ಎಷ್ಟೋ, ನಿಮ್ಮ ಚೀಲಕ್ಕೆ ಇರುವುದು ಅಷ್ಟೇ. ನಿಂತ ಸೈಕಲ್ಲಿನಲ್ಲಿ ಅಳೆದು ಚೀಲ ಕೊಂಡವರು ಮೊದಲ ಇಳಿಜಾರಿನಲ್ಲೇ ಅದರ ತಳವನ್ನು ಟೈರಿಗೆ ಉಜ್ಜಿ ತೂತು ಮಾಡಿಕೊಳ್ಳುತ್ತಾರೆ. ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್ ಇದ್ದರೆ ಅದನ್ನೂ ಇಳಿಸಿ ಅಳೆಯಿರಿ. ಜಾಗ ಸಾಲದಿದ್ದರೆ ಸೀಟಿನ ಚೀಲದ ಆಸೆ ಬಿಟ್ಟು, ಒಂದು ಸಣ್ಣ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಿ. ಬೆನ್ನಿಗೆ ಏನೂ ಇರಬಾರದು ಎಂದು ಶಪಥ ಮಾಡಿದವರಿದ್ದಾರೆ. ನಾನು ಅವರ ಪಂಗಡದವನಲ್ಲ. ಸ್ಲೀಪಿಂಗ್ ಬ್ಯಾಗ್ ಮಾತ್ರವಿರುವ ಚೀಲ ಬೆನ್ನಿಗೆ ಇದ್ದದ್ದೇ ತಿಳಿಯುವುದಿಲ್ಲ.

ತೂಕದ್ದೆಲ್ಲ ಫ್ರೇಮಿನೊಳಗೆ, ಆದಷ್ಟು ಕೆಳಗೆ: ನೀರು, ಉಪಕರಣ, ಆಹಾರ, ಬ್ಯಾಟರಿ. ಉಬ್ಬಿದ್ದು, ಹಗುರವಾದದ್ದು ಹ್ಯಾಂಡಲಿಗೆ. ಅಲ್ಲಿ ಭಾರ ಕೂರಿಸಿದರೆ ತಿರುವಿನಲ್ಲಿ ಮುಂಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಸೀಟಿನ ಚೀಲ ತುಂಬುವುದರಲ್ಲಿ ಒಂದು ಕೈಚಳಕವಿದೆ. ಮೂತಿಯ ಭಾಗಕ್ಕೆ, ಅಂದರೆ ಸೀಟಿನ ಕೊಳವೆಗೆ ತಾಗುವ ಕಡೆಗೆ, ಗಟ್ಟಿ ವಸ್ತುವನ್ನು ತುರುಕಿ. ಆಮೇಲೆ ಬಟ್ಟೆಯನ್ನು ಮಡಿಸದೆ ಹಿಡಿಹಿಡಿಯಾಗಿ ಹಾಕಿ, ಒಂದೊಂದು ಹಿಡಿಗೂ ಮುಷ್ಟಿಯಿಂದ ಗುದ್ದಿ ಇಳಿಸಿ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಗಾಳಿ ತುಂಬಿದ ಟೈರಿನಂತೆ ಬಿರುಸಾಗಿರಬೇಕು. ಮೆತ್ತಗಿದ್ದರೆ ಪೆಡಲ್ ತುಳಿದಾಗಲೆಲ್ಲ ಅದು ಬಾಲದಂತೆ ಅಲ್ಲಾಡುತ್ತದೆ. ಪಟ್ಟಿ ಫ್ರೇಮಿಗೆ ತಾಗುವ ಕಡೆಗಳಲ್ಲೆಲ್ಲ ಪಾರದರ್ಶಕ ಟೇಪ್ ಅಂಟಿಸಿ. ಧೂಳು ಹೊಕ್ಕ ಪಟ್ಟಿ ಉಪ್ಪುಕಾಗದಕ್ಕಿಂತ ಕಡಿಮೆಯದಲ್ಲ.

ಪ್ರಶ್ನೆ: ಬಿವಿ ಚೀಲ ತಂದು ಮಲಗಿದೆ. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಬೆಳಿಗ್ಗೆ ನೋಡಿದರೆ ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆಯೆಲ್ಲ ಒದ್ದೆ. ಚೀಲ ಸೋರುತ್ತಿದೆಯೇ?

ಉತ್ತರ: ಸೋರಿದ್ದು ಚೀಲವಲ್ಲ, ನೀವು. ಮಲಗಿದ ಮನುಷ್ಯ ಉಸಿರಿನಿಂದಲೂ ಚರ್ಮದಿಂದಲೂ ರಾತ್ರಿಯಿಡೀ ನೀರಾವಿ ಬಿಡುತ್ತಲೇ ಇರುತ್ತಾನೆ. ಡೇರೆಯಲ್ಲಾದರೆ ಅದು ದೂರದ ಗೋಡೆಗೆ ಹೋಗಿ ಕೂರುತ್ತದೆ. ಬಿವಿಯಲ್ಲಿ ಗೋಡೆ ನಿಮ್ಮ ಮೈಗೇ ಅಂಟಿಕೊಂಡಿದೆ.

‘ಆದರೆ ಇದು ಆವಿ ಹೊರಬಿಡುವ ಬಟ್ಟೆ ಎಂದು ಬರೆದಿತ್ತಲ್ಲ’ ಎನ್ನುತ್ತೀರಿ. ಬರೆದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಮಾತ್ರ ಆವಿ ಆ ಬಟ್ಟೆಯನ್ನು ದಾಟುತ್ತದೆ. ಹೊರಗೆ ತೇವ ತುಂಬಿದ ತಣ್ಣನೆ ರಾತ್ರಿಯಿದ್ದರೆ ಆ ವ್ಯತ್ಯಾಸ ತೀರ ಕಡಿಮೆ. ಮೇಲಾಗಿ, ಮೋಡವಿಲ್ಲದ ಬಯಲಿನಲ್ಲಿ ನಿಮ್ಮ ಚೀಲದ ಮೇಲ್ಮೈ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಕೊಟ್ಟುಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಹೊರಗಿನಿಂದ ಇಬ್ಬನಿ, ಒಳಗಿನಿಂದ ನಿಮ್ಮದೇ ಬೆವರು. ನಕ್ಷತ್ರ ತುಂಬಿದ ರಾತ್ರಿಯ ಚೆಂದಕ್ಕೆ ಇದು ಸುಂಕ.

ಮುಖವನ್ನು ಚೀಲದೊಳಗೆ ಎಳೆದುಕೊಳ್ಳಬೇಡಿ. ಚಳಿಯಾದರೆ ಉಣ್ಣೆಯ ಟೋಪಿ ಹಾಕಿ, ಮೂಗು ಬಾಯಿ ಹೊರಗಿರಲಿ. ಮಲಗುವ ಹೊತ್ತಿನಲ್ಲಿ ತೊಟ್ಟ ಅಂಗಿ ಒಣಗಿದ್ದಿರಲಿ; ಸವಾರಿ ಮಾಡಿ ಒದ್ದೆಯಾದ ಅಂಗಿಯಲ್ಲೇ ಒಳಗೆ ಹೊಕ್ಕರೆ ಅದರ ನೀರೂ ನಿಮ್ಮ ಲೆಕ್ಕಕ್ಕೇ. ಎಲ್ಲಕ್ಕಿಂತ ಹೆಚ್ಚಾಗಿ, ತಲೆಯ ಮೇಲೆ ಏನಾದರೂ ಇರಲಿ: ಗಟ್ಟಿ ಕೊಂಬೆಗಳ ಮರ, ಇಲ್ಲವೇ ಟಾರ್ಪ್, ಅಂದರೆ ಚಾವಣಿಯಂತೆ ಕಟ್ಟುವ ಹಗುರ ಬಟ್ಟೆ. ಆಕಾಶಕ್ಕೂ ನಿಮಗೂ ನಡುವೆ ಒಂದು ಪದರ ಬಂದರೆ ಇಬ್ಬನಿ ಗಣನೀಯವಾಗಿ ಇಳಿಯುತ್ತದೆ. ಟಾರ್ಪ್ ಇರುವಾಗ ಪೂರ್ತಿ ಜಲನಿರೋಧಕ ಬಿವಿಯೇ ಬೇಕೆಂದಿಲ್ಲ. ತಳ ಮಾತ್ರ ನೀರು ತಡೆಯುವ, ಮೇಲೆ ತೆಳು ಬಟ್ಟೆಯಿರುವ ಬಿವಿ ಹಗುರವೂ ಹೌದು, ಒಣಗಿಯೂ ಇರುತ್ತದೆ.

ನಿಮ್ಮದು ಪುಕ್ಕದ ಸ್ಲೀಪಿಂಗ್ ಬ್ಯಾಗೋ, ಕೃತಕ ನಾರಿನದೋ ಬರೆದಿಲ್ಲ. ಪುಕ್ಕದ್ದಾದರೆ ಒದ್ದೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒದ್ದೆಯಾದ ಪುಕ್ಕ ಮುದ್ದೆಯಾಗುತ್ತದೆ, ಅದರಲ್ಲಿ ಗಾಳಿ ನಿಲ್ಲುವುದಿಲ್ಲ, ಗಾಳಿ ನಿಲ್ಲದಿದ್ದರೆ ಬಿಸಿಯೂ ಇಲ್ಲ. ಬೆಳಿಗ್ಗೆ ತಿಂಡಿಗೆ ನಿಂತಲ್ಲಿ ಅದನ್ನು ತಿರುವಿ ಸೈಕಲ್ಲಿನ ಮೇಲೆ ಹರವಿಬಿಡಿ.

ಪ್ರಶ್ನೆ: ಟಾರ್ಪ್ ಕಟ್ಟಲು ಎಲ್ಲ ಕಡೆ ಮರ ಸಿಗುತ್ತದೆಯೇ? ಕಂಬ ಬೇರೆ ಒಯ್ಯಬೇಕೇ?

ಉತ್ತರ: ಕಂಬವನ್ನು ಮನೆಯಿಂದ ತುಳಿದುಕೊಂಡೇ ಬಂದಿದ್ದೀರಲ್ಲ. ಸೈಕಲ್ಲನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಿ, ಎರಡೂ ಬ್ರೇಕ್ ಲಿವರುಗಳನ್ನು ರಬ್ಬರ್ ಪಟ್ಟಿಯಿಂದ ಹಿಡಿಕೆಗೆ ಬಿಗಿದರೆ ಚಕ್ರ ಉರುಳುವುದಿಲ್ಲ. ಟಾರ್ಪಿನ ಒಂದು ಅಂಚಿನ ಹಗ್ಗವನ್ನು ಹ್ಯಾಂಡಲಿಗೆ ಒಂದು ಸುತ್ತು, ಇನ್ನೊಂದನ್ನು ಸೀಟಿಗೆ ಒಂದು ಸುತ್ತು ಹಾಕಿ ಆಚೆ ಕಡೆ ನೆಲಕ್ಕೆ ಗೂಟ ಹೊಡೆಯಿರಿ. ಎದುರಿನ ಅಂಚನ್ನು ಈಚೆ ಕಡೆ ನೆಲದ ಹತ್ತಿರ ಗೂಟಕ್ಕೆ ಕಟ್ಟಿ ಬಿಗಿಗೊಳಿಸಿ. ಎರಡೂ ಕಡೆಯ ಎಳೆತಕ್ಕೆ ಸೈಕಲ್ಲು ನೆಟ್ಟಗೆ ನಿಲ್ಲುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ಟಾರ್ಪ್ ಒಬ್ಬರಿಗೆ ಧಾರಾಳ. ಇದರಲ್ಲಿ ಒಂದು ಪುಕ್ಕಟೆ ಲಾಭವೂ ಇದೆ: ಯಾರಾದರೂ ಸೈಕಲ್ಲಿಗೆ ಕೈಹಾಕಿದರೆ ಟಾರ್ಪ್ ನಿಮ್ಮ ಮುಖದ ಮೇಲೆ ಬೀಳುತ್ತದೆ.

ಪ್ರಶ್ನೆ: ಸ್ಲೀಪಿಂಗ್ ಬ್ಯಾಗಿನ ಮೇಲೆ ಮೂರು ಉಷ್ಣಾಂಶ ಬರೆದಿರುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ‘ಕಂಫರ್ಟ್’ ಎಂದಿರುವುದನ್ನು. ಉಷ್ಣಾಂಶಗಳನ್ನು ಅಳೆಯುವ ವಿಧಾನವನ್ನು ಮೊದಲು ಇಎನ್ 13537 ಎಂಬ ಯುರೋಪಿನ ಮಾನಕ ಗೊತ್ತುಮಾಡಿತ್ತು, ಈಗ ಐಎಸ್‌ಒ 23537 ಇದೆ. ಕಂಫರ್ಟ್ ಎಂದರೆ ಮಾನಕ ಮಹಿಳೆಯೊಬ್ಬಳು ಸಡಿಲವಾಗಿ ಮಲಗಿ ಚಳಿಯಿಲ್ಲದೆ ನಿದ್ರಿಸಬಲ್ಲ ಉಷ್ಣಾಂಶ. ‘ಲಿಮಿಟ್’ ಎಂದರೆ ಮಾನಕ ಪುರುಷನೊಬ್ಬ ಮುದುಡಿಕೊಂಡು ಹೇಗೋ ಸಂಭಾಳಿಸಬಲ್ಲ ಉಷ್ಣಾಂಶ. ಮೂರನೆಯದಾದ ‘ಎಕ್ಸ್‌ಟ್ರೀಮ್’ ಇರುವುದು ಜೀವ ಉಳಿಸಿಕೊಳ್ಳುವ ಲೆಕ್ಕಕ್ಕೆ, ನಿದ್ದೆಗಲ್ಲ. ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಕೆಲವೊಮ್ಮೆ ಇದೇ ಸಂಖ್ಯೆ, ಹುಷಾರು.

ನೀವು ಕೇಳದಿದ್ದರೂ ಹೇಳಬೇಕಾದದ್ದು ಇದು: ಈ ಸಂಖ್ಯೆಗಳೆಲ್ಲ ಕೆಳಗೆ ಒಳ್ಳೆಯ ಮ್ಯಾಟ್ ಇದೆ ಎಂದುಕೊಂಡು ಅಳೆದವು. ಬ್ಯಾಗಿನ ತಳಭಾಗ ನಿಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಅಲ್ಲಿ ಬಿಸಿ ಹಿಡಿಯುವ ಗಾಳಿಯೇ ಇರುವುದಿಲ್ಲ. ಬೆನ್ನಿನ ಬಿಸಿಯನ್ನು ನೆಲ ಕುಡಿಯದಂತೆ ತಡೆಯುವುದು ಮ್ಯಾಟ್ ಒಂದೇ. ಅದರ ತಡೆಯುವ ಶಕ್ತಿಯನ್ನು ಆರ್ ಮೌಲ್ಯ ಎಂದು ಕರೆಯುತ್ತಾರೆ. ಬೇಸಿಗೆಗೆ ಎರಡರ ಆಸುಪಾಸು ಸಾಕು, ಹಿಮ ಬೀಳುವಲ್ಲಿ ಐದಕ್ಕಿಂತ ಹೆಚ್ಚು ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಿದರೆ ಅವುಗಳ ಆರ್ ಮೌಲ್ಯ ಕೂಡುತ್ತದೆ. ಗಾಳಿ ತುಂಬುವ ಮ್ಯಾಟ್ ಮುಷ್ಟಿಯಷ್ಟಾಗಿ ಮಡಚಿಕೊಳ್ಳುತ್ತದೆ, ಆದರೆ ಒಂದು ಮುಳ್ಳಿಗೆ ಅದರ ಕಥೆ ಮುಗಿಯಿತು. ಫೋಮಿನ ಮ್ಯಾಟ್ ಮುಳ್ಳಿಗೆ ಹೆದರುವುದಿಲ್ಲ, ಗಾತ್ರದಲ್ಲಿ ಮಾತ್ರ ರಾಕ್ಷಸ. ಭುಜದಿಂದ ಸೊಂಟದ ಕೆಳಗಿನವರೆಗೆ ಬರುವಷ್ಟು ಫೋಮನ್ನು ಕತ್ತರಿಸಿಕೊಂಡು, ಕಾಲಿನ ಕೆಳಗೆ ಖಾಲಿ ಚೀಲಗಳನ್ನು ಹಾಸಿಕೊಳ್ಳುವುದು ಹಳೆಯ ಉಪಾಯ. ಸೆಖೆಗಾಲಕ್ಕೆ ಅಷ್ಟು ಸಾಕು.

ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಜನ ಮೊದಲು ಕತ್ತರಿ ಹಾಕುವುದು ಮ್ಯಾಟಿಗೆ. ನನ್ನ ತೀರ್ಮಾನ ಇದಕ್ಕೆ ಉಲ್ಟಾ: ಬೆನ್ನ ಕೆಳಗಿನದನ್ನೂ ಮೈ ಒಣಗಿಸುವುದನ್ನೂ ಬಿಟ್ಟು ಮಿಕ್ಕಿದ್ದರಲ್ಲಿ ಜಿಪುಣರಾಗಿ. ಎರಡನೆಯ ಪ್ಯಾಂಟ್, ದಿಂಬು, ತಟ್ಟೆ, ಎರಡನೆಯ ದೀಪ, ಪುಸ್ತಕ, ಎಲ್ಲ ಮನೆಯಲ್ಲಿರಲಿ.

ಪ್ರಶ್ನೆ: ಇಷ್ಟು ಹಗುರವಾಗಿ ಹೋಗುವುದು ಈಗಿನವರ ಶೋಕಿಯಲ್ಲವೇ?

ಉತ್ತರ: ಅಲ್ಲ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ ಸೈಕಲ್ಲಿನಲ್ಲಿ ಒಯ್ಯಬಹುದಾದ ಹಗುರ ಡೇರೆಯ ಬೆನ್ನು ಹತ್ತಿ, 1901ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಶಿಬಿರಾಸಕ್ತರ ಸಂಘವನ್ನೇ ಕಟ್ಟಿದ. ಅದಕ್ಕೂ ಮೊದಲು, 1897ರಲ್ಲಿ, ಅಮೆರಿಕದ 25ನೇ ಪದಾತಿ ದಳದ ಕಪ್ಪುವರ್ಣದ ಸೈನಿಕರು ಮೊಂಟಾನಾದ ಮಿಸೌಲಾದಿಂದ ಸೇಂಟ್ ಲೂಯಿಸಿಗೆ, 3,000 ಕಿಲೋಮೀಟರಿಗೂ ಹೆಚ್ಚು ದೂರವನ್ನು, ಗೇರಿಲ್ಲದ ಸೈಕಲ್ಲುಗಳಲ್ಲಿ 41 ದಿನಗಳಲ್ಲಿ ಮುಟ್ಟಿದರು. ಕಂಬಳಿ, ಡೇರೆಯ ಬಟ್ಟೆಗಳನ್ನು ಸುರುಳಿ ಸುತ್ತಿ ಹ್ಯಾಂಡಲಿಗೇ ಕಟ್ಟಿಕೊಂಡಿದ್ದರು. ನೀವು ಶೋಕಿ ಎನ್ನುವ ಸುರುಳಿ ಅದೇ.

ಪ್ರಶ್ನೆ: ಮಳೆ ಬಂದರೆ ಬಿವಿಯೊಳಗೆ ಕೂತು ಒಲೆ ಹಚ್ಚಬಹುದೇ?

ಉತ್ತರ: ಖಂಡಿತ ಕೂಡದು. ಬೆಂಕಿ ಹತ್ತುವುದು ಒಂದು ಭಯ. ಇನ್ನೊಂದು, ಬಣ್ಣ ವಾಸನೆ ಯಾವುದೂ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಅದು ಎಚ್ಚರಿಕೆ ಕೊಡದೆ ಕೊಲ್ಲುತ್ತದೆ. ಎಲ್ಲ ಕಡೆ ತೆರೆದ ಟಾರ್ಪಿನ ಅಂಚಿನಲ್ಲಿ, ಮಲಗುವ ಜಾಗದಿಂದ ದೂರದಲ್ಲಿ ಒಲೆ ಇಡಿ. ಸ್ಪಿರಿಟ್ ಒಲೆಯ ಜ್ವಾಲೆ ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆರಿದೆ ಎಂದುಕೊಂಡು ಮತ್ತೆ ಸ್ಪಿರಿಟ್ ಸುರಿಯಬೇಡಿ. ಗ್ಯಾಸಿನ ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಹಿಮಬಿಂದುವಿನ ಹತ್ತಿರ ಅದು ಸುಮ್ಮನಾಗುತ್ತದೆ, ಏಕೆಂದರೆ ಅದು ಕುದಿಯುವುದೇ ಮೈನಸ್ 0.5 ಡಿಗ್ರಿಯಲ್ಲಿ. ಚಳಿಗೆ ಪ್ರೊಪೇನ್ ಬೆರೆತದ್ದು ಬೇಕು. ಒಂದೇ ರಾತ್ರಿಯಾದರೆ ನಾನು ಒಲೆಯನ್ನೇ ಒಯ್ಯುವುದಿಲ್ಲ. ತಣ್ಣನೆ ಊಟ ಉಂಡು ಸತ್ತವರಿಲ್ಲ.

ಪ್ರಶ್ನೆ: ಒಬ್ಬಳೇ ಹೋಗಬೇಕೆಂದಿದ್ದೇನೆ. ಮನೆಯವರಿಗೆ ಭಯ. ನಿಜ ಹೇಳಬೇಕೆಂದರೆ ನನಗೂ. ಜಾಗ ಹೇಗೆ ಆರಿಸಲಿ?

ಉತ್ತರ: ಭಯಪಟ್ಟೇ ಹೋಗಿ, ತಂಗಿ, ಪರವಾಗಿಲ್ಲ. ಭಯವಿದ್ದವರು ಜಾಗವನ್ನು ಸರಿಯಾಗಿ ನೋಡುತ್ತಾರೆ.

ಹೊತ್ತು ಮುಳುಗುವ ಒಂದು ಗಂಟೆ ಮೊದಲೇ ಹುಡುಕಲು ಶುರು ಮಾಡಿ. ಕತ್ತಲಾದ ಮೇಲೆ ಎಲ್ಲ ನೆಲವೂ ಸಮತಟ್ಟಾಗಿಯೇ ಕಾಣುತ್ತದೆ. ಜಮೀನು ಯಾರದಾದರೂ ಇದ್ದರೆ ಕೇಳಿ. ಸಂರಕ್ಷಿತ ಕಾಡಾದರೆ ಅನುಮತಿ ಇಲ್ಲದೆ ಬೇಡ. ದಾರಿಯಲ್ಲಿ ಹೋಗುವವರಿಗೆ ಕಾಣದಷ್ಟು ಒಳಗೆ ಇರಲಿ, ಬರುವಾಗ ಯಾರೂ ಹಿಂದಿಲ್ಲ ಎಂದು ನೋಡಿಕೊಂಡು ತಿರುಗಿ. ಮೊದಲು ತಲೆಯೆತ್ತಿ ನೋಡಿ: ಒಣಗಿದ ಕೊಂಬೆ ತೂಗಾಡುತ್ತಿದ್ದರೆ ಅದರ ಕೆಳಗೆ ಮಲಗಬಾರದು. ಆಮೇಲೆ ನೆಲ. ಬತ್ತಿದ ಹಳ್ಳದ ಮರಳು ಹಾಸಿಗೆಯಂತೆ ಕರೆಯುತ್ತದೆ, ಹೋಗಬೇಡಿ. ಮೇಲೆಲ್ಲೋ ಸುರಿದ ಮಳೆ ರಾತ್ರಿ ಅದರಲ್ಲೇ ಬರುತ್ತದೆ. ಕಣಿವೆಯ ತಳಕ್ಕೆ ತಣ್ಣನೆ ಗಾಳಿ ಇಳಿದು ನಿಲ್ಲುತ್ತದೆ, ಸ್ವಲ್ಪ ಮೇಲಿನ ಇಳಿಜಾರಿನ ಮಟ್ಟಸ ಜಾಗ ಬೆಚ್ಚಗಿರುತ್ತದೆ. ನೀರಿನಿಂದ ಅರವತ್ತು ಮೀಟರ್ ದೂರವಿರಿ: ಅಲ್ಲಿಗೆ ಪ್ರಾಣಿಗಳೂ ಬರಬೇಕು, ಸೊಳ್ಳೆಗಳಂತೂ ಇದ್ದೇ ಇವೆ.

ಎಲ್ಲಿ ಮಲಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಆ ಹೊತ್ತು ಮೀರಿದರೆ ಏನು ಮಾಡಬೇಕು ಎಂಬ ಮೂರನ್ನೂ ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ಮೊಬೈಲನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ನಡುರಾತ್ರಿ ತರಗೆಲೆಯಲ್ಲಿ ಯಾರೋ ಬೂಟು ಹಾಕಿಕೊಂಡು ನಡೆದಂತೆ ಕೇಳಿಸುತ್ತದೆ. ಬಹುಪಾಲು ಅದು ಇಲಿ. ಆದ್ದರಿಂದ ಊಟದ ಚೀಲ ತಲೆಯ ಬಳಿ ಬೇಡ, ದೂರದ ಕೊಂಬೆಗೆ ತೂಗುಹಾಕಿ. ಮೊದಲ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇಸರಪಡಬೇಡಿ. ಕೆಲವರಿಗೆ ಎರಡನೆಯ ಸಲವೂ ಬರುವುದಿಲ್ಲ.

ಪ್ರಶ್ನೆ: ರಿಪೇರಿ ಸಾಮಾನಿನಲ್ಲಿ ಬಿಡಲೇಬಾರದ್ದು ಯಾವುದು?

ಉತ್ತರ: ಪಂಪು, ಟ್ಯೂಬು, ಅಲೆನ್ ಕೀಗಳನ್ನು ಎಲ್ಲರೂ ಒಯ್ಯುತ್ತಾರೆ. ಮರೆಯುವುದು ಹ್ಯಾಂಗರನ್ನು, ಅಂದರೆ ಹಿಂದಿನ ಗೇರ್ ಯಂತ್ರವನ್ನು ಫ್ರೇಮಿಗೆ ಸೇರಿಸುವ ಚಿಕ್ಕ ಅಲ್ಯೂಮಿನಿಯಂ ತುಂಡನ್ನು. ಫ್ರೇಮಿಗೆ ಏಟು ಬೀಳದಿರಲೆಂದು ಮೊದಲು ತಾನು ಬಾಗಿ ಮುರಿಯುವಂತೆಯೇ ಅದನ್ನು ಮಾಡಿರುತ್ತಾರೆ. ಬಹಳಷ್ಟು ಫ್ರೇಮುಗಳಿಗೆ ಬೇರೆ ಬೇರೆ ಆಕಾರದ್ದು, ದಾರಿಯಲ್ಲಿ ಯಾರ ಬಳಿಯೂ ಸಿಗುವುದಿಲ್ಲ. ಒಂದನ್ನು ಕೊಂಡು ಸೀಟಿನ ಕೆಳಗೆ ಟೇಪಿನಿಂದ ಅಂಟಿಸಿಬಿಡಿ. ಕೊಳ್ಳಲು ಹೋಗುವಾಗ ಸೈಕಲ್ಲಿನ ಮಾದರಿಯ ಹೆಸರನ್ನು ನಂಬಿಕೊಂಡು ಹೋಗಬೇಡಿ. ಈಗಿರುವ ಹ್ಯಾಂಗರನ್ನೇ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿ, ತೂತಿಗೆ ತೂತು ಇಟ್ಟು ನೋಡಿ ತನ್ನಿ.